ಒಂದು ಸಲ ಜಗ್ಗಿದರೆ

ಡಾಕ್ಟರಮ್ಮ ಟಾರ್ಚಿನ ಬೆಳಕನ್ನು ಹತ್ತಿರ ತಂದಾಗ ನನ್ನ ಅಣ್ಣನ ಕಣ್ಣಪಾಪೆ ಸಾಸಿವೆ ಕಾಳಿಗಿಂತ ದೊಡ್ಡದಿರಲಿಲ್ಲ. ಅಷ್ಟು ಸಣ್ಣ ಕಪ್ಪನ್ನು ಮನುಷ್ಯರ ಕಣ್ಣಿನಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ಟಾರ್ಚು ಆರಿದ ಮೇಲೂ ಅದು ಹಿಗ್ಗಲಿಲ್ಲ. ಮನೆಯೊಳಗಿನವರು ಬಾಗಿಲನ್ನು ಎಳೆಯಷ್ಟೇ ತೆರೆದು, ಹೊರಗೆ ನಿಂತವರು ಯಾರೆಂದು ನೋಡುತ್ತಿರುವಂತಿತ್ತು.

ಆಕೆ ನಮ್ಮನ್ನು ಜಗಲಿಗೆ ಕರೆದುಕೊಂಡು ಹೋಗಿ ಕಪ್ಪು ಫಿಲ್ಮೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಣ್ಣನ ತಲೆಯ ಒಳಗು ಅದರಲ್ಲಿ ಬೂದಿಬಣ್ಣದ ಅಕ್ರೋಟಿನಂತೆ ಕಂಡಿತು. ಬುರುಡೆ ಬಿರಿದ ಜಾಗವನ್ನು ಮೊದಲು ತೋರಿಸಿದರು. ಆಮೇಲೆ, ಕೆಳಗೆ, ಕುತ್ತಿಗೆಗೆ ಹತ್ತಿರದಲ್ಲಿ, ಒಂದು ಬಿಳಿಯ ಕಲೆಯನ್ನು.

"ಪೆಟ್ಟು ಬಿದ್ದಿದ್ದು ನೆತ್ತಿ ಮೇಲೆ. ಮೆದುಳು ಊದಿಕೊಂಡು ಕೆಳಕ್ಕೆ ಒತ್ತಿದೆ. ಆ ಒತ್ತಡಕ್ಕೆ ಮೆದುಳಿನ ಕಾಂಡದಲ್ಲಿ ರಕ್ತ ಸೋರಿದೆ. ತಲೆ ಮೈಗೆ ಏನು ಹೇಳಬೇಕಾದ್ರೂ ಅಲ್ಲಿಂದಲೇ ದಾಟಿ ಹೋಗಬೇಕು. ಈಗ ಆ ದಾರಿ ಮುಚ್ಚಿದೆ."

"ಅಂದ್ರೆ ಹೋದ್ರು ಅಂತಾನಾ?" ಎಂದು ಕೇಳಿದಳು ಅತ್ತಿಗೆ ತಿಪ್ಪಕ್ಕ.

"ಹಾಗಲ್ಲಮ್ಮ. ಮೊದಲು ಎಚ್ಚರ ಇರಲಿಲ್ಲ. ಈಗ ಇದೆ. ಎಲ್ಲ ಕೇಳಿಸುತ್ತೆ, ಎಲ್ಲ ತಿಳಿಯುತ್ತೆ. ಕೈಕಾಲು, ನಾಲಿಗೆ ಯಾವುದೂ ಅವರ ಮಾತು ಕೇಳ್ತಿಲ್ಲ. ಕಣ್ಣು ಮೇಲೆ ಕೆಳಗೆ ಆಡುತ್ತೆ, ರೆಪ್ಪೆ ಆಡುತ್ತೆ, ಅಷ್ಟೇ. ಹೌದು ಅಂದ್ರೆ ಒಂದು ಸಲ ಮುಚ್ಚೋದು, ಇಲ್ಲ ಅಂದ್ರೆ ಎರಡು ಸಲ. ಹಾಗಂತ ಅವರಿಗೆ ಹೇಳಿಕೊಡಿ."

ಹೇಳಿಕೊಡಿ ಎಂಬ ಮಾತು ಜಗಲಿಯಲ್ಲಿಯೇ ಉಳಿಯಿತು. ಅತ್ತಿಗೆ ಆಗಲೇ ಒಳಗೆ ಹೋಗಿ ಮಂಚದ ಮೇಲೆ ಬಗ್ಗಿದ್ದಳು. ಅಣ್ಣ ಪ್ರಜ್ಞೆಯಿಲ್ಲದೆ ಮಲಗಿದ್ದಷ್ಟು ದಿನವೂ ಅವಳ ಬಾಯಲ್ಲಿ ಒಂದೇ ಪ್ರಶ್ನೆ ಇತ್ತು. ಅದು ಈಗ ಹೊರಬಿತ್ತು.

"ದುರುಗಪ್ಪ ಬೇಕಂತಾನೇ ಮಾಡಿದ್ನಾ?"

ಅಣ್ಣ ಅವಳನ್ನೇ ನೋಡಿದ. ರೆಪ್ಪೆಗಳು ನಿಧಾನವಾಗಿ ಇಳಿದವು, ಬಿಗಿಯಾಗಿ ಮುಚ್ಚಿದವು, ತೆರೆದವು. ಒಂದು ಸಲ.

ಅತ್ತಿಗೆ ನನ್ನತ್ತ ತಿರುಗಿದಳು. "ನೋಡಿದ್ಯಾ?"

ನೋಡಿದ್ದೆ. ನನಗೆ ಆಶ್ಚರ್ಯವೇನೂ ಆಗಲಿಲ್ಲ.

ನಮ್ಮ ತಂದೆಯೂ ಅವರ ತಂದೆಯೂ ಬಾವಿ ತೋಡಿ, ಹಳೆಯ ಬಾವಿಗಳ ಹೂಳು ತೆಗೆದು ಬದುಕಿದವರು. ಅಣ್ಣ ಓಬಳೇಶ ಅದೇ ಕಸುಬನ್ನು ಹಿಡಿದ. ನನ್ನನ್ನು ಮಾತ್ರ ಅಪ್ಪ ಬಾವಿಕಟ್ಟೆಯ ಹತ್ತಿರ ಸುಳಿಯಗೊಡಲಿಲ್ಲ. ನಾನು ಓದಿ, ಪೇಟೆಯ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ದಿನವಿಡೀ ತಪ್ಪನ್ನು ಹುಡುಕುವವನಿಗೆ ತಪ್ಪಿಲ್ಲದ ಸಾಲನ್ನು ಕಂಡರೆ ಹೆಚ್ಚು ಅನುಮಾನ. ದುರುಗಪ್ಪನ ಕತೆಯಲ್ಲಿ ನನಗೆ ಕಂಡದ್ದು ಅಂಥ ಸಾಲೇ. ಇಷ್ಟು ವರ್ಷ ಅಣ್ಣನ ಜೊತೆಗಾರನಾಗಿದ್ದ ಅವನು ಎಲ್ಲರೆದುರು ಒಂದೇ ಮಾತನ್ನು ಅಕ್ಷರ ಬದಲಿಸದೆ ಹೇಳುತ್ತಿದ್ದ: "ತುಂಬಿದ ಬುಟ್ಟಿ ಎಳೀತಿದ್ದೆ. ಹಗ್ಗ ಕಿತ್ತೋಯ್ತು."

ಕಿತ್ತ ಹಗ್ಗ ಎಲ್ಲಿ ಎಂದು ಕೇಳಿದರೆ, ಸುಟ್ಟುಬಿಟ್ಟೆ ಎನ್ನುತ್ತಿದ್ದ. ರಕ್ತ ಕಂಡ ಹಗ್ಗವನ್ನು ಅಂದೇ ಸುಡಬೇಕು, ಮನೆಗೆ ತರಬಾರದು ಎಂಬುದು ಅವರ ಕಸುಬಿನ ಕಟ್ಟಳೆ. ಕಟ್ಟಳೆ ನಿಜವೇ. ಆದರೆ ಎಷ್ಟು ಅನುಕೂಲದ ಕಟ್ಟಳೆ!

ಇನ್ನೂ ಇತ್ತು. ಅಂದು ಇಳಿಯುವ ಸರದಿ ದುರುಗಪ್ಪನದು. ಹಿಂದಿನ ಸಂಜೆ ನಮ್ಮ ಮನೆಯ ಮುಂದೆ ನಿಂತು, "ನಾಳೆ ನಾ ಇಳಿಯಾಕಿಲ್ಲ, ಮೇಲೇ ನಿಲ್ಲೋನು, ಏನ್ ಮಾಡ್ಕೊಂತೀಯೋ ಮಾಡ್ಕೋ" ಎಂದು ಅವನು ಕೂಗಾಡಿದ್ದನ್ನು ಅತ್ತಿಗೆ ಒಲೆಯ ಮುಂದಿನಿಂದಲೇ ಕೇಳಿಸಿಕೊಂಡಿದ್ದಳು. ಮಾರನೆಯ ದಿನ ಅವನು ಮೇಲೆಯೇ ನಿಂತ. ಅಣ್ಣ ಇಳಿದ. ಕಬ್ಬಿಣದ ಬುಟ್ಟಿ ಹೂಳಿನ ಸಮೇತ ಅಣ್ಣನ ನೆತ್ತಿಯ ಮೇಲೆ ಬಿತ್ತು.

ಆಸ್ಪತ್ರೆಯ ಗೇಟಿನ ಹೊರಗೆ ಅವನು ದಿನವೂ ಬಂದು ನಿಲ್ಲುತ್ತಿದ್ದ. ಅತ್ತಿಗೆ ಒಳಗೆ ಬಿಡುತ್ತಿರಲಿಲ್ಲ. "ಸತ್ತನಾ ಇಲ್ವಾ ಅಂತ ನೋಡಾಕೆ ಬರ್ತಾನೆ" ಎನ್ನುತ್ತಿದ್ದಳು. ಹಾಗಲ್ಲ ಎನ್ನಲು ನನಗೆ ಕಾರಣವಿರಲಿಲ್ಲ.

ಅಂದಿನಿಂದ ಅತ್ತಿಗೆ ಅಣ್ಣನೊಂದಿಗೆ ರೆಪ್ಪೆಯ ಮಾತು ಆಡತೊಡಗಿದಳು. "ನೋವೈತಾ?" ಎರಡು ಸಲ. ನೋವಿಲ್ಲವೆಂದು ಸಮಾಧಾನಪಟ್ಟಳು. "ಫ್ಯಾನ್ ಹಾಕ್ಲಾ?" ಎರಡು ಸಲ. ಬೇಡವೆಂದು ಸುಮ್ಮನಾದಳು. ಅಣ್ಣನ ಹಣೆಯ ಮೇಲೆ ಬೆವರು ಹನಿಗಟ್ಟುತ್ತಿತ್ತು. ಅದನ್ನು ಅವಳು ಸೆರಗಿನಿಂದ ಒರೆಸುತ್ತಿದ್ದಳು. "ಪೊಲೀಸ್ರಿಗೆ ಹೇಳಾನಾ?" ಒಂದು ಸಲ. ಅವಳು ಹೋಗಿ ಹೇಳಿಬಂದಳು.

ಇನ್ಸ್‌ಪೆಕ್ಟರು ಗುರುವಾರ ತಾವೇ ಬಂದು ಹೇಳಿಕೆ ಪಡೆಯುವುದಾಗಿ ಹೇಳಿದರು. ಗಾಯಾಳು ತಮ್ಮೆದುರು ಹೌದೆಂದರೆ ಸಾಕು, ಕೊಲೆಗೆ ಯತ್ನವೆಂದು ದುರುಗಪ್ಪನನ್ನು ಹಿಡಿದುಕೊಂಡು ಹೋಗುತ್ತೇವೆ ಎಂದರು. ಅವನಿಗೆ ಎದುರಾಗಿದ್ದುದು ಏನೂ ಕಡಿಮೆಯದಲ್ಲ. ಅರ್ಧ ಆಯಸ್ಸೇ ಜೈಲಿನಲ್ಲಿ ಕಳೆದೀತು.

ಆದರೆ ನನ್ನ ಅನುಮಾನ ಒಂದೇ ಕಡೆ ಕೂರುವ ಜಾತಿಯದಲ್ಲ. ಬುಧವಾರ ಬೆಳಿಗ್ಗೆ ಅತ್ತಿಗೆ ನೀರು ತರಲು ಹೋದಾಗ ನಾನು ಅಣ್ಣನ ಮುಖದ ಹತ್ತಿರ ಬಗ್ಗಿದೆ. ಹೌದೆಂಬುದು ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಕೇಳಿ ನೋಡಬೇಕೆನಿಸಿತ್ತು.

"ಅಣ್ಣ, ನಿನ್ನ ಹೆಸರು ಓಬಳೇಶ ತಾನೇ?"

ಎರಡು ಸಲ.

ಮತ್ತೆ ಕೇಳಿದೆ. ಮತ್ತೆ ಎರಡು ಸಲ, ಈ ಬಾರಿ ಇನ್ನಷ್ಟು ಒತ್ತಿ. ಆ ಸಾಸಿವೆಯಷ್ಟು ಕಪ್ಪು ನನ್ನ ಮೇಲೆ ನೆಟ್ಟಿತ್ತು. ಹೆಸರು ಮರೆತವನ ನೋಟ ಅದಾಗಿರಲಿಲ್ಲ. ದಡ್ಡನಿಗೆ ಪಾಠ ಹೇಳುವವನ ನೋಟವಿತ್ತು ಅದರಲ್ಲಿ.

ಅತ್ತಿಗೆ ಬಂದ ಮೇಲೆ ಹೇಳಿದೆ. ಅವಳು ಕೊಡವನ್ನು ಕುಕ್ಕಿದಳು.

"ತಲೆಗೆ ಪೆಟ್ಟು ಬಿದ್ದೈತೆ, ಹೆಸ್ರು ಮರ್ತಿರ್ತಾರೆ. ಹೊಡೆದೋನನ್ನ ಮರ್ತಿಲ್ವಲ್ಲ, ಸಾಕು."

"ಹೆಸರೇ ಗೊತ್ತಿಲ್ಲದೋನ ಹೇಳಿಕೆ ಯಾರು ಒಪ್ತಾರೆ ಅತ್ತಿಗೆ?"

"ಅದಕ್ಕೇ ಹೇಳೋದು, ನಾಳೆ ನೀನು ಬಾಯಿ ಮುಚ್ಕೊಂಡಿರು. ಅಚ್ಚಿನ ಮನೆ ಬುದ್ಧಿನೆಲ್ಲ ಇಲ್ಲಿಗೆ ತರಬ್ಯಾಡ."

ಅಣ್ಣನ ಸಾಕ್ಷಿ ಮುರಿದುಬಿದ್ದರೆ ಬೇರೆಯದು ಬೇಕಾಗುತ್ತದೆ ಎಂದುಕೊಂಡು ನಾನು ಆ ಬಾವಿಯ ಕಡೆಗೆ ನಡೆದೆ. ಸುಡದೆ ಉಳಿದ ಹಗ್ಗದ ತುಂಡೊಂದು ಸಿಕ್ಕೀತು, ದುರುಗಪ್ಪನ ಬಾಯಿಂದ ಬೇರೊಂದು ಮಾತು ಜಾರೀತು ಎಂಬ ಆಸೆ. ಕುಂಬಾರ ಬೀದಿಯ ತುದಿಯಲ್ಲಿತ್ತು ಬಾವಿ. ಇಡೀ ಬೀದಿಗೆ ಅದೊಂದೇ. ಅರ್ಧ ಹೂಳು ತೆಗೆದು ಬಿಟ್ಟರೆ ಇದ್ದ ನೀರೂ ಕೆಡುತ್ತದೆಂದು ದುರುಗಪ್ಪ ಕೆಲಸ ನಿಲ್ಲಿಸಿರಲಿಲ್ಲ. ಅದೂ ನನಗೆ ಅನುಮಾನವೇ. ಗುರುತು ಅಳಿಸಲು ಅದಕ್ಕಿಂತ ಒಳ್ಳೆಯ ನೆಪವುಂಟೆ?

ಕಟ್ಟೆಯ ಮೇಲೆ ರಾಟೆಯ ಹಗ್ಗ ಹಿಡಿದು ನಿಂತಿದ್ದವಳು ಅವನ ಹೆಂಡತಿ ಮಾರಕ್ಕ. ನನ್ನನ್ನು ಕಂಡವಳೇ ಮುಖ ತಿರುವಿದಳು.

"ಬಂದ್ಯಾ? ಇನ್ನೇನ್ ಉಳಿದೈತೆ ನೋಡಾಕೆ?"

"ದುರುಗಪ್ಪ ಎಲ್ಲಿ?"

"ಎಲ್ಲಿರ್ತಾನೆ? ಒಳಗೆ. ಗಂಡ ಇಳಿದ ಬಾವಿ ಕಟ್ಟೆಗೆ ಹೆಂಡ್ತಿ ಕಾಲಿಡಬಾರ್ದು ಅಂತ ನಮ್ಮತ್ತೆ ಸಾಯೋವರ್ಗೂ ಹೇಳಿದ್ಲು. ನಿಮ್ಮತ್ತಿಗೆ ಊರೆಲ್ಲ ಡಂಗುರ ಸಾರಿದ್ಮೇಲೆ ಇವನ್ ಜೊತೆ ಹಗ್ಗ ಹಿಡಿಯಾಕೆ ಯಾವ ಗಂಡ್ಸು ಬರ್ತಾನೆ ಹೇಳು."

"ಅವನು ಮೇಲೆ ನಿಂತು, ಬೇರೆಯವರನ್ನ ಇಳಿಸಬಹುದಿತ್ತಲ್ಲ?"

"ಮೇಲೆ ನಿಲ್ಲಾಕೆ ಒಲ್ಲೆ ಅಂತಾನೆ. ಅವತ್ತಿಂದ ಕೈಲಿ ಹಗ್ಗ ಮುಟ್ಟಿಲ್ಲ."

"ಯಾಕೆ?"

"ಅವನ್ನೇ ಕೇಳ್ಕೋ" ಎಂದಳು.

ಕಟ್ಟೆಯ ಮೇಲೆ ಬಗ್ಗಿ ನೋಡಿದೆ. ಕಲ್ಲುಗಳು ಸುತ್ತಿ ಸುತ್ತಿ ಕೆಳಗಿಳಿದು, ಕೊನೆಗೆ ಸಾಸಿವೆಯಷ್ಟು ಬೆಳಕಿನ ಚುಕ್ಕಿಯೊಂದು ನೀರಿನ ಮೇಲೆ ಮಿನುಗುತ್ತಿತ್ತು. ಅದರ ಪಕ್ಕ ಏನೋ ಅಲುಗಾಡಿತು. ನಾನು "ದುರುಗಪ್ಪಾ!" ಎಂದು ಕೂಗಿದೆ. ನನ್ನ ಕೂಗು ಚೂರುಚೂರಾಗಿ ವಾಪಸು ಬಂತು. ಕೆಳಗಿನಿಂದ ಉತ್ತರವಿಲ್ಲ.

"ಕೂಗಬ್ಯಾಡ!" ಮಾರಕ್ಕ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. "ಬಾವಿ ಒಳಗೆ ಬಾಯಿ ಬಿಡಬಾರ್ದು. ಸೆಲೆ ಬೆಚ್ಚುತ್ತೆ. ಯಾರ್ ಮಗ ನೀನು, ಅದೂ ಗೊತ್ತಿಲ್ವಾ?"

ಅವಳ ಎಡ ಮುಂಗೈಗೆ ತೆಳುವಾದ ಹಗ್ಗವೊಂದು ಕಟ್ಟಿತ್ತು. ಅದರ ಇನ್ನೊಂದು ತುದಿ ಬಾವಿಯೊಳಗೆ ಇಳಿದಿತ್ತು. ನಾನು ನೋಡುತ್ತಿದ್ದಂತೆ ಆ ಹಗ್ಗ ಎರಡು ಸಲ ಜಗ್ಗಿತು. ಅವಳು ರಾಟೆಯ ದಪ್ಪ ಹಗ್ಗವನ್ನು ಎಳೆಯತೊಡಗಿದಳು. ಬುಟ್ಟಿ ಕೀರಲು ದನಿಯಲ್ಲಿ ಮೇಲೇರಿತು. ನಡುವೆ ಎಲ್ಲೋ ಕಲ್ಲಿಗೆ ತಾಗಿ ಓಲಾಡಿತು. ತೆಳು ಹಗ್ಗ ಒಂದು ಸಲ ಜಗ್ಗಿತು. ಅವಳು ತಟ್ಟನೆ ನಿಂತಳು, ಉಸಿರನ್ನೂ ಹಿಡಿದವಳಂತೆ.

"ಯಾಕೆ ನಿಲ್ಲಿಸಿದೆ?"

"ಒಂದು ಸಲ ಜಗ್ಗಿದ್ನಲ್ಲ. ಒಂದು ಅಂದ್ರೆ ಬ್ಯಾಡ, ನಿಲ್ಸು. ಎರಡು ಅಂದ್ರೆ ಹೂಂ, ಎಳಿ."

"ಒಂದು ಅಂದ್ರೆ ಬೇಡ?"

"ಮತ್ತೆ? ತಲೆ ಮೇಲೆ ಬರ್ತಿರೋದ್ನ ನಿಲ್ಸು ಅನ್ನಾಕೆ ಎರಡು ಸಲ ಜಗ್ಗೋ ಹೊತ್ತು ಎಲ್ಲಿರುತ್ತೆ? ಇವನು ಮನೇಲೂ ಹಂಗೇ. ಉಣ್ಣಾಕೆ ಕೂತಾಗ ಸಾರು ಸಾಕಾದ್ರೆ ಒಂದೇ ಸಲ ತಟ್ಟೆ ತಟ್ತಾನೆ. ಬಾಯಿ ಬಿಡೋದಿಲ್ಲ."

ತೆಳು ಹಗ್ಗ ಮತ್ತೆ ಎರಡು ಸಲ ಜಗ್ಗಿತು. ಅವಳು ಎಳೆದಳು. ನಾನು ಅಲ್ಲಿ ನಿಲ್ಲಲಿಲ್ಲ. ಆಸ್ಪತ್ರೆಯ ಗೇಟನ್ನು ತಲುಪುವ ಹೊತ್ತಿಗೆ ನನ್ನ ಒಂದು ಚಪ್ಪಲಿ ಎಲ್ಲೋ ಕಳಚಿಬಿದ್ದಿತ್ತು.

ಏದುಸಿರಿನಲ್ಲಿ ಹೇಳಿದ್ದನ್ನು ಅತ್ತಿಗೆ ನಂಬಲಿಲ್ಲ. "ಆ ಮಾರಿ ಹೇಳಿಕೊಟ್ಟು ಕಳ್ಸವ್ಳೆ" ಎಂದಳು.

"ಅವಳೇನೂ ಹೇಳಿಕೊಡಲಿಲ್ಲ. ಆಸ್ಪತ್ರೆ ಮಾತನ್ನೇ ಎತ್ತಲಿಲ್ಲ. ನಾನು ನೋಡಿದ್ದು. ಒಂದು ಮಾತು ಹೇಳು ಅತ್ತಿಗೆ. ಒಂದು ಸಲ ಅಂದ್ರೆ ಹೌದು, ಎರಡು ಸಲ ಅಂದ್ರೆ ಇಲ್ಲ, ಇದನ್ನ ಅಣ್ಣನಿಗೆ ಯಾರು ಹೇಳಿದ್ದು? ನೀನು ಹೇಳಿದ್ಯಾ?"

ಅವಳು ಯೋಚಿಸಿದಳು. ನಾನೂ ಯೋಚಿಸಿದೆ. ಜಗಲಿಯಲ್ಲಿ ಡಾಕ್ಟರಮ್ಮ ನಮಗೆ ಹೇಳಿದ್ದರು. ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಬಾಯಿಲ್ಲದ ಜಾಗಕ್ಕೆ ಇಳಿದವನು ಅಲ್ಲಿ ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಜಗ್ಗುತ್ತಿದ್ದ.

ಅತ್ತಿಗೆ ಮಂಚದ ಹತ್ತಿರ ಹೋದಳು. ದುರುಗಪ್ಪನ ಹೆಸರು ಮೊದಲು ಬರುತ್ತದೆಂದು ನಾನು ಕಾದೆ. ಅವಳು ಕೇಳಿದ್ದು ಬೇರೆ.

"ಏನ್ರೀ... ಎರಡು ಅಂದ್ರೆ ಹೂಂ ಅಂತಾನಾ?"

ಎರಡು ಸಲ.

"ಹಂಗಾದ್ರೆ ಇಷ್ಟು ದಿನಾ ನೋವಿತ್ತಾ?"

ಎರಡು ಸಲ. ತೆರೆದ ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅತ್ತಿಗೆ ಒಮ್ಮೆಲೇ ಕುಸಿದು, ಮಂಚದ ಕಬ್ಬಿಣದ ಪಟ್ಟಿಗೆ ಹಣೆಯೂರಿದಳು. ನಾನು ಎದ್ದು ಫ್ಯಾನ್ ಹಾಕಿದೆ. ಡಾಕ್ಟರಮ್ಮನನ್ನು ಕರೆದೆ. ಅವರು ಎಲ್ಲ ಕೇಳಿಕೊಂಡು, ಮೊದಲು ನೋವಿಗೆ ಸೂಜಿಮದ್ದು ಕೊಟ್ಟರು. "ನಾನೇ ಅವರ ಎದುರು ನಿಂತು ಹೇಳಬೇಕಿತ್ತು" ಎಂದಷ್ಟೇ ಹೇಳಿ ಹೋದರು.

ಸಂಜೆಯ ಬಿಸಿಲು ಗೋಡೆಗೆ ಬಂದಾಗ ಅತ್ತಿಗೆ ಮುಖ ತೊಳೆದುಕೊಂಡು ಬಂದು ಕೂತಳು. ಈಗ ಅವಳ ದನಿ ತಗ್ಗಿತ್ತು.

"ದುರುಗಪ್ಪ ಬೇಕಂತ ಮಾಡಿದ್ನಾ?"

ಒಂದು ಸಲ. ಬ್ಯಾಡ. ಇಲ್ಲ.

"ಜಗಳ ಆಡಿದ್ನಲ್ಲ? ಇಳಿಯಾಕಿಲ್ಲ ಅಂತ?" ಅವಳು ತಡೆದು, ಬೇರೆ ಬಗೆಯಲ್ಲಿ ಕೇಳಿದಳು. "ಅವನಿಗೆ ಮೈಯಾಗೆ ಹುಷಾರಿರಲಿಲ್ವಾ? ಜ್ವರವಾ?"

ಎರಡು ಸಲ. ಚಳಿಜ್ವರದಲ್ಲಿ ನಡುಗುವವನು ತಣ್ಣೀರಿಗೆ ಇಳಿಯಲಾರ. ಮನೆಯಲ್ಲಿ ಬಿದ್ದುಕೋ ಎಂದು ಅಣ್ಣ ತಗ್ಗಿದ ದನಿಯಲ್ಲಿ ಹೇಳಿರಬೇಕು. ಒಲೆಯ ಮುಂದಿನವರೆಗೆ ಬಂದದ್ದು, ಮೇಲಾದರೂ ನಿಲ್ಲುತ್ತೇನೆಂದು ಹಟ ಹಿಡಿದ ದುರುಗಪ್ಪನ ಗಂಟಲು ಮಾತ್ರ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನಗೆ ಆಗಲಿಲ್ಲ. "ಅಣ್ಣ, ಹಗ್ಗ ಕಿತ್ತುಹೋಯ್ತಾ?" ಎಂದು ಕೇಳಿಯೇಬಿಟ್ಟೆ.

ಅವನು ಬಹಳ ಹೊತ್ತು ಸೂರನ್ನೇ ನೋಡಿದ. ಆಮೇಲೆ ಒಂದು ಸಲ.

"ಕಿತ್ತುಹೋಗಲಿಲ್ಲ? ಹಂಗಾದ್ರೆ... ಅವನ ಕೈ ಜಾರಿತಾ?"

ಎರಡು ಸಲ.

ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ದುರುಗಪ್ಪ ಕೊಲ್ಲಲು ಹೊರಟಿರಲಿಲ್ಲ, ಆದರೆ ಸುಳ್ಳು ಹೇಳಿದ್ದ. ನಡುಗುವ ಕೈಯಲ್ಲಿ ಹಗ್ಗ ಹಿಡಿದು, ಬಿಟ್ಟು, ಗಟ್ಟಿಯಾಗಿದ್ದ ಹಗ್ಗವನ್ನೇ ಸುಟ್ಟು ಕಿತ್ತುಹೋಯಿತೆಂದಿದ್ದ. ಅತ್ತಿಗೆ ನನ್ನನ್ನು ನೋಡಿದಳು. ನಾಳೆ ಇನ್ಸ್‌ಪೆಕ್ಟರು ಇದೇ ಪ್ರಶ್ನೆ ಕೇಳುತ್ತಾರೆ. ಹಗ್ಗ ಕಿತ್ತಿರಲಿಲ್ಲವೆಂದು ತಿಳಿದರೆ, ಸಾಕ್ಷಿ ಸುಟ್ಟವನ ಉಳಿದ ಮಾತನ್ನು ಯಾರು ನಂಬುತ್ತಾರೆ?

ಇನ್ಸ್‌ಪೆಕ್ಟರು ದಪ್ಪ ಮನುಷ್ಯ. ಗುರುವಾರ ಮಂಚದ ಪಕ್ಕದ ಸ್ಟೂಲು ಅವರ ಅಡಿಯಲ್ಲಿ ನರಳಿತು. ಬಾಗಿಲಲ್ಲಿ ಒಬ್ಬ ಪೇದೆ ನಿಂತಿದ್ದ. ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿ ಅವರು ಹುಬ್ಬೇರಿಸಿದರು.

"ಏನಮ್ಮ, ಸೋಮವಾರ ಒಂದು ಅಂದ್ರೆ ಹೌದು, ಗುರುವಾರ ಒಂದು ಅಂದ್ರೆ ಇಲ್ಲ. ಶನಿವಾರಕ್ಕೆ ಏನಾಗುತ್ತೆ? ಯಾರು ಬಂದು ಹೇಳಿಕೊಟ್ರು?"

"ಯಾರೂ ಇಲ್ಲ ಸ್ವಾಮಿ. ನೀವೇ ಕೇಳಿ ನೋಡ್ರಿ."

"ನೋಡೇ ನೋಡ್ತೀನಿ." ಅವರು ಅಣ್ಣನ ಮುಖದ ಮೇಲೆ ಬಗ್ಗಿದರು. "ಏನಪ್ಪಾ, ನಾನು ಹೆಂಗಸಾ?"

ಒಂದು ಸಲ.

"ನಾನು ಪೊಲೀಸಾ?"

ಎರಡು ಸಲ.

"ನಾನು ಸಣ್ಣಗಿದೀನಾ?"

ಪ್ರಶ್ನೆ ಮುಗಿಯುವ ಮೊದಲೇ ರೆಪ್ಪೆಗಳು ಒಂದು ಸಲ ಬಿಗಿಯಾಗಿ ಮುಚ್ಚಿದವು. ಬಾಗಿಲಲ್ಲಿದ್ದ ಪೇದೆ ಕೆಮ್ಮಿದಂತೆ ಮಾಡಿ ಆಚೆಗೆ ತಿರುಗಿದ. ಇನ್ಸ್‌ಪೆಕ್ಟರು ಸ್ವಲ್ಪ ನಕ್ಕರು. ಅವರ ಅನುಮಾನ ಕರಗಿದ್ದು ಆಗ. ಬಳಿಕ ಮುಖ ಗಂಭೀರವಾಯಿತು.

"ದುರುಗಪ್ಪ ಬೇಕಂತ ನಿನ್ನ ಮೇಲೆ ಬುಟ್ಟಿ ಬಿಟ್ಟನಾ?"

ಒಂದು ಸಲ.

"ಹಾಗಾದ್ರೆ ಅವನು ಹೇಳಿದ್ದು ನಿಜಾನಾ? ಹಗ್ಗ ಕಿತ್ತುಹೋಯ್ತಾ?"

ಅತ್ತಿಗೆಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬಳೆ ಚುಚ್ಚುತ್ತಿತ್ತು. ಅಣ್ಣನ ಸಾಸಿವೆ ಕಣ್ಣು ಇನ್ಸ್‌ಪೆಕ್ಟರರ ಮುಖದಿಂದ ಮೇಲಕ್ಕೆ ಸರಿದು, ತಿರುಗುವ ಫ್ಯಾನಿನ ಕಡೆ ಹೋಗಿ, ಮತ್ತೆ ಕೆಳಗೆ ಬಂತು. ಮೈಯೆಲ್ಲ ಹೋಗಿ ರೆಪ್ಪೆ ಮಾತ್ರ ಉಳಿದ ಮನುಷ್ಯ. ಅವನ ಬಳಿ ಇದ್ದದ್ದು ಎರಡೇ ಮಾತು. ಅವು ನಿಜಕ್ಕೆ ಮಾತ್ರ ಸಾಲುವಂಥವು ಎಂದು ನಾನು ತಿಳಿದಿದ್ದೆ.

ರೆಪ್ಪೆ ಮುಚ್ಚಿತು. ತೆರೆಯಿತು. ಮತ್ತೆ ಮುಚ್ಚಿತು.

"ಎರಡು" ಎಂದರು ಇನ್ಸ್‌ಪೆಕ್ಟರು. ಎದ್ದು ಟೋಪಿ ಸರಿಮಾಡಿಕೊಂಡರು. "ಹಗ್ಗ ಕಿತ್ತುಹೋಗಿದೆ. ಆಕಸ್ಮಿಕ. ಇದಕ್ಕೋಸ್ಕರ ಆ ಬಡಪಾಯಿನ ಊರೆಲ್ಲ ಸೇರಿ ಹುರಿದು ಮುಕ್ಕಿದ್ರಲ್ಲಮ್ಮ."

ಅತ್ತಿಗೆ ನನ್ನ ಮಣಿಕಟ್ಟನ್ನು ಬಿಟ್ಟಳು. ಅವರ ಬೂಟಿನ ಸದ್ದು ಜಗಲಿಯ ತುದಿಯನ್ನು ದಾಟುವವರೆಗೆ ನಾವು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ನನ್ನೊಳಗೆ ಮಾತ್ರ ಹಳೆಯ ಹುಳು ಅಲುಗಾಡಿತು. ಅಣ್ಣ ಸುಳ್ಳು ಹೇಳಿದ್ದು ನಿನ್ನೆ ನಮಗೋ, ಇಂದು ಅವರಿಗೋ? ಅವನ ಕಣ್ಣಿನಲ್ಲಿ ಹುಡುಕಿದೆ. ಅಷ್ಟು ಸಣ್ಣ ಬಾಗಿಲಿನಿಂದ ಒಳಗಿನದೇನೂ ಕಾಣಲಿಲ್ಲ.

ಅತ್ತಿಗೆಯೇ ಎದ್ದು ಗೇಟಿನವರೆಗೆ ಹೋದಳು. ದುರುಗಪ್ಪನನ್ನು ಕರೆತಂದಾಗ ಅವನು ಬಾವಿಯಿಂದ ನೇರವಾಗಿ ಬಂದಂತಿದ್ದ. ಚಡ್ಡಿ, ಮೊಣಕಾಲು, ಗಡ್ಡ ಎಲ್ಲ ಹಸಿ ಕೆಸರು. ಪೇದೆ ದಾರಿಯಲ್ಲೇ ಅವನಿಗೆ ಸುದ್ದಿ ಹೇಳಿರಬೇಕು. ಅವನ ಮುಖದಲ್ಲಿ ಬಿಡುಗಡೆಯಾದವನ ಕಳೆಯಿರಲಿಲ್ಲ. ಬಾಗಿಲ ಹತ್ತಿರವೇ ನಿಂತುಬಿಟ್ಟ.

"ಬಾರಪ್ಪ" ಎಂದಳು ಅತ್ತಿಗೆ. "ಅಲ್ಲೇ ಯಾಕ್ ನಿಂತೆ, ನೆಂಟನಂಗೆ?"

ಅವನು ಬಂದು ಮಂಚದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಅಣ್ಣನ ಸೊರಗಿದ ಕೈಯನ್ನು ಮುಟ್ಟಲು ಹೋಗಿ, ತನ್ನ ಕೈಯ ಕೆಸರು ನೋಡಿ ಹಿಂದೆಗೆದ.

"ಓಬಣ್ಣ... ಅವತ್ತು ಹಗ್ಗ ಕಿತ್ತೋಗ್ಲಿಲ್ಲ. ಅದು ನನ್ನ ಕೈ..."

ಅಣ್ಣನ ರೆಪ್ಪೆಗಳು ಒಂದು ಸಲ ಮುಚ್ಚಿದವು.

ದುರುಗಪ್ಪ ಮಾತು ಅರ್ಧದಲ್ಲಿ ನಿಲ್ಲಿಸಿದ. ಬಾಯಿ ಇನ್ನೂ ತೆರೆದಿತ್ತು. ಮತ್ತೆ ಹೇಳಲು ಹೊರಟ. ಮತ್ತೆ ಒಂದು ಸಲ, ಈಗ ರೆಪ್ಪೆಗೂದಲು ಒಳಗೆ ಹುದುಗುವಷ್ಟು ಬಿಗಿಯಾಗಿ. ಅವನು ಬಾಯಿ ಮುಚ್ಚಿದ. ತಲೆಯನ್ನು ಹಾಸಿಗೆಯ ಅಂಚಿಗೆ ಒರಗಿಸಿದ. ಅವನ ಹೆಗಲು ಮಾತ್ರ ಅಲುಗುತ್ತಿತ್ತು, ಸದ್ದಿರಲಿಲ್ಲ.

ನೆಲ ಒರೆಸುವ ಆಯಾ ಬಕೆಟ್ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತಳು. ಬಾಗಿಲಿನಿಂದ ಮಂಚದವರೆಗೆ ಬಿಳಿಯ ನೆಲದ ಮೇಲೆ ಬರಿಗಾಲಿನ ಕೆಸರು ಹೆಜ್ಜೆಗಳು, ಒಂದೊಂದರಲ್ಲೂ ಬಾವಿಯ ಹೊಸ ನೀರಿನ ಹೊಳಪು. ಅವಳು ಗೊಣಗುತ್ತ ಬಟ್ಟೆ ಹಿಂಡಿ ಬಗ್ಗಿದಳು.

"ಇರ್ಲಿ ಬಿಡವ್ವ" ಎಂದಳು ಅತ್ತಿಗೆ. "ತಾನೇ ಒಣಗ್ತದೆ."

ಆಯಾ ಬಕೆಟ್ ಎತ್ತಿಕೊಂಡು, ಹೆಜ್ಜೆಗಳನ್ನು ತುಳಿಯದೆ, ಗೋಡೆಗೆ ಒತ್ತಿಕೊಂಡು ದಾಟಿ ಹೋದಳು.